ಅರ್ಧ ಸುತ್ತು

ಟಿಕೆಟ್ಟಿಗೆ ತಲಾ ನೂರೈವತ್ತು, ಇಡ್ಲಿ ಕಾಫಿಗೆ ಎಂಬತ್ತು, ಬಸ್ಸಿಗೆ ಸೊನ್ನೆ. ಬೆಳಗಿನ ಆಟ ಮುಗಿಸಿ ತುಮಕೂರಿನ ಚಿತ್ರಮಂದಿರದ ಮೆಟ್ಟಿಲಿಳಿದ ಕದರಮ್ಮ ಸೊಸೆಯ ಕಡೆ ತಿರುಗಿದಳು.

“ಮುನ್ನೂರ ಎಂಬತ್ತು ಕೊಟ್ಟು ಯಾರೋ ಹುಡುಗಿ ಮುಖ ನೋಡ್ಕೊಂಡು ಬಂದಂಗಾಯ್ತು. ನೀನೆಲ್ಲೇ ಇದ್ದೆ?”

“ಕೆರೆ ಏರಿ ಮೇಲೆ ಸೈಕಲ್ ತುಳ್ಕೊಂಡು ಹೋದ್ಲಲ್ಲ ಅತ್ತೆ, ದೂರದಿಂದ ತೋರ್ಸಿದ್ದೆಲ್ಲ ನಾನೇ. ಹತ್ರದಿಂದ ತೋರ್ಸಿದ್ದು ಹೀರೋಯಿನ್‌ನ.”

“ದೂರದಿಂದ ನೋಡಿದ್ರೆ ಬೆನ್ನು ಯಾರ್ದಾದ್ರೂ ಆಗ್ಬೋದು. ಬೀದಿಯೋರಿಗೆ ಏನಂತ ಹೇಳ್ಲಿ?”

ಹೋದ ಬೇಸಿಗೆಯಲ್ಲಿ ಕುಣಿಗಲ್ ಕೆರೆಯ ಹತ್ತಿರ ಶೂಟಿಂಗ್ ನಡೆದಾಗ ನಾಯಕಿಗೆ ಸೈಕಲ್ ಬರುತ್ತಿರಲಿಲ್ಲ. ಡೈರಿಗೆ ಸೈಕಲ್ಲಿನಲ್ಲಿ ಹಾಲು ಹಾಕಲು ಹೋಗುತ್ತಿದ್ದ ಸೊಸೆ ಕೋಮಲಾಳನ್ನು ಸಿನಿಮಾದವರು ಯಾರೋ ನೋಡಿ ಕರೆದುಕೊಂಡು ಹೋಗಿದ್ದರು. ಐದು ದಿನ ಅವಳು ನಾಯಕಿಯ ಬಟ್ಟೆ ತೊಟ್ಟು ಸೈಕಲ್ ತುಳಿದಿದ್ದಳು. ಆ ಐದು ದಿನ ಅವಳು ಎಲ್ಲಿಗೆ ಹೋಗಿದ್ದಳೆಂದು ಅವರೂರು ಕೊತ್ತಗೆರೆಯ ಬೀದಿ ಇನ್ನೂ ಕೇಳುತ್ತಿತ್ತು. ಸಿನಿಮಾ ಬರಲಿ, ತೋರಿಸ್ತೀನಿ ಎಂದು ಕದರಮ್ಮ ಎಲ್ಲರ ಬಾಯಿ ಮುಚ್ಚಿಸಿದ್ದಳು. ಈಗ ಸಿನಿಮಾ ಬಂದಿತ್ತು. ಕೊನೆಯಲ್ಲಿ ಓಡಿದ ಹೆಸರುಗಳಲ್ಲೂ ಕೋಮಲಾಳ ಹೆಸರಿರಲಿಲ್ಲ.

ಪಕ್ಕದ ಟೀ ಅಂಗಡಿಯಲ್ಲಿ ಐವತ್ತು ದಾಟಿದ ಗಂಡಸೊಬ್ಬ ಗೋಡೆಗೆ ಸೈಕಲ್ ಒರಗಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಿದ್ದ. ತಲೆಗೆ ಹೆಲ್ಮೆಟ್ಟು, ತೊಡೆಗೆ ಅಂಟಿಕೊಂಡ ಚಡ್ಡಿ. “ಮೊಮ್ಮಗನ ಚಡ್ಡಿ ಹಾಕ್ಕೊಂಡು ಬಂದವ್ನೆ ನೋಡು,” ಎಂದು ಕದರಮ್ಮ ಸಿಟ್ಟಿನಲ್ಲೂ ಗೊಣಗಿ ಎರಡು ಟೀ ಹೇಳಿದಳು.

ಆತ ಗುಬ್ಬಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಭಾನುಪ್ರಕಾಶ್. ಭಾನುವಾರ ಬಂತೆಂದರೆ ಇಪ್ಪತ್ತು ಕಿಲೋಮೀಟರ್ ತುಳಿದು ತುಮಕೂರಿಗೆ ಬಂದು, ಒಂದು ಸಿನಿಮಾ ನೋಡಿ, ತನ್ನ ಸೈಕಲ್ ಗೆಳೆಯರಿಗೆ ಫೋನಿನಲ್ಲಿ ಅಭಿಪ್ರಾಯ ಕಳಿಸುತ್ತಿದ್ದ. ನಕ್ಷತ್ರ ಕೊಡುತ್ತಿರಲಿಲ್ಲ, ಎಷ್ಟು ದೂರ ತುಳಿದು ಹೋಗಿ ನೋಡಬಹುದೆಂದು ಕಿಲೋಮೀಟರ್ ಕೊಡುತ್ತಿದ್ದ.

“ಹೋದ ವಾರದ್ದು ಐದೇ ಕಿಲೋಮೀಟರ್ ಕಣ್ರಪ್ಪ. ಸೀಟು ತಗ್ಗಿ ಮಂಡಿ ಎದೆಗೆ ಬಡೀತಿದ್ರೂ ಹೀರೋ ಏರು ಹತ್ಕೊಂಡು ಹಾಡ್ತಾನೆ. ನಮಗೆ ಉಸಿರು ಸಿಕ್ಕಿದ್ರೆ ಸಾಕಾಗಿರುತ್ತೆ. ಅದರ ಹಿಂದಿನ ವಾರದ್ದಕ್ಕೆ ಹದಿನೈದು ಕೊಟ್ಟಿದ್ದೆ. ಅಪ್ಪ ಮಗಳಿಗೆ ಸೈಕಲ್ ಕಲಿಸ್ತಾನೆ, ಕೈ ಬಿಟ್ಟ ಮೇಲೂ ಹತ್ತು ಹೆಜ್ಜೆ ಜೊತೇಲೇ ಓಡ್ತಾನೆ. ಆ ಓಟಕ್ಕೆ ಕೊಟ್ಟಿದ್ದು. ಇವತ್ತಿಂದು ಕಥೆ ಸುಮಾರು. ಆದ್ರೆ ಗುಬ್ಬಿಯಿಂದ ಕುಣಿಗಲ್‌ವರೆಗೂ ತುಳ್ಕೊಂಡು ಹೋಗಿ ನೋಡ್ಬೋದು. ಯಾಕೆ ಅಂತೀರಾ? ಸೈಕಲ್ ತುಳಿದಿರೋದು ಹೀರೋಯಿನ್ ಅಲ್ಲ. ಹತ್ತಿರದಿಂದ ತೋರಿಸ್ದಾಗ ಪೆಡಲ್ ಮೇಲೆ ಹಿಮ್ಮಡಿ ಇದೆ, ದೂರದಿಂದ ತೋರಿಸ್ದಾಗ ಮುಂಗಾಲಲ್ಲಿ ತುಳೀತಾಳೆ. ಕಾಲೇ ಬೇರೆ.”

ಕೋಮಲಾ ಟೀ ಲೋಟ ಹಿಡಿದೇ ಆ ಕಡೆ ತಿರುಗಿದಳು.

“ಇನ್ನೊಂದು ಕೇಳಿ. ಹತ್ತೋಕೆ ಮುಂಚೆ ಆಯಮ್ಮ ಕಾಲ ತುದೀಲಿ ಪೆಡಲ್‌ನ ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಚೈನ್ ನೋಡ್ತಾಳೆ. ಹೊಸಾ ಸೈಕಲ್ಲು, ಚೈನು ಬಿಗಿಯಾಗಿದೆ, ನೋಡೋ ಅಗತ್ಯಾನೇ ಇಲ್ಲ. ಹಂಗೆ ಮಾಡು ಅಂತ ಯಾವ ಡೈರೆಕ್ಟರೂ ಹೇಳಿರಲ್ಲ. ಯಾವತ್ತೋ ಚೈನ್ ಕಳಚಿ ಏಟು ತಿಂದಿರೋ ಕಾಲು ಅದು. ಆಯಮ್ಮ ಯಾರೋ ಏನೋ, ನನ್ನದೊಂದು ನಮಸ್ಕಾರ.”

ಅವನು ಫೋನು ಕೆಳಗಿಳಿಸುವಷ್ಟರಲ್ಲಿ ಕದರಮ್ಮ ಎದುರಿಗೆ ನಿಂತಿದ್ದಳು.

“ಏನಂದೆ ನೀನು? ಹಿಂದಕ್ಕೆ ಅರ್ಧ ಸುತ್ತಾ?”

“ಹೌದಮ್ಮ.”

“ಯಾವ ಕಾಲಲ್ಲಿ?”

“ಎಡಗಾಲಲ್ಲಿ.”

ಎರಡು ವರ್ಷದ ಹಿಂದೆ ಡೈರಿಯ ಮುಂದೆಯೇ ಚೈನು ಕಳಚಿ, ಸೈಕಲ್ ವಾಲಿ, ಕ್ಯಾನಿನ ಹಾಲೆಲ್ಲ ರಸ್ತೆಗೆ ಹರಿದಿತ್ತು. ಹೊರಡೋ ಮುಂಚೆ ಚೈನ್ ನೋಡ್ಕೊಳ್ಳೋಕೆ ಏನಾಗಿತ್ತು ನಿಂಗೆ ಎಂದು ಕದರಮ್ಮ ಬೀದಿಗೆಲ್ಲ ಕೇಳುವಂತೆ ಬೈದಿದ್ದಳು. ಮಾರನೆಯ ದಿನದಿಂದ ಪ್ರತಿ ಬೆಳಿಗ್ಗೆ ಬಾಗಿಲ ಮುಂದೆ ಪೆಡಲ್ ಹಿಂದಕ್ಕೆ ತಿರುಗುವ ಟಕಟಕ ಸದ್ದು. ಕದರಮ್ಮನಿಗೆ ಎಚ್ಚರವಾಗುತ್ತಿದ್ದುದೇ ಆ ಸದ್ದಿಗೆ. ಪರದೆಯ ಮೇಲೆ ಮಾತ್ರ ಅವಳು ಮುಖವೊಂದನ್ನೇ ಹುಡುಕಿದ್ದಳು, ಕಾಲಿನ ಕಡೆ ನೋಡಿರಲಿಲ್ಲ.

“ಆ ಕಾಲು ಇವಳ್ದೇ ಕಣಪ್ಪ,” ಎಂದು ಸೊಸೆಯ ರಟ್ಟೆ ಹಿಡಿದು ಮುಂದಕ್ಕೆ ತಂದಳು. “ಏಟು ಕೊಟ್ಟಿದ್ದು ನಾನು. ಕೈಯಲ್ಲಲ್ಲ, ಬಾಯಲ್ಲಿ.”

ಭಾನುಪ್ರಕಾಶ್ ಹೆಲ್ಮೆಟ್ ತೆಗೆದ. ಕೋಮಲಾಳ ಕಾಲಿನ ಕಡೆ ಒಮ್ಮೆ ನೋಡಿದ. ಆಮೇಲೆ, “ಏರಿಯಿಂದ ಕೆಳಗೆ ಬರೋವಾಗ ನೀವು ಬ್ರೇಕೇ ಹಿಡೀಲಿಲ್ವಲ್ಲಮ್ಮ?” ಎಂದು ಕೇಳಿದ.

“ಹಿಡೀಬೇಡಿ ಅಂದಿದ್ರು ಸಾರ್. ಹಿಂದೆ ಹಾಲಿನ ಕ್ಯಾನ್ ಇರ್ಲಿಲ್ವಲ್ಲ, ಭಯ ಆಗ್ಲಿಲ್ಲ.”

ಅವನು ತಲೆಯಾಡಿಸಿ ನಕ್ಕ. ಕದರಮ್ಮ ಸೊಸೆಯ ಫೋನು ತೆಗೆದು ಅವನ ಮುಂದೆ ಹಿಡಿದಳು. “ಈಗ ಹೇಳಿದ್ದನ್ನ ಇದ್ರಲ್ಲಿ ಇನ್ನೊಂದ್ಸಲ ಹೇಳಪ್ಪ. ಅರ್ಧ ಸುತ್ತಿನ ಮಾತು ಬಿಡ್ಬೇಡ. ಇವಳ ಹೆಸರೂ ಸೇರ್ಸು, ಕೋಮಲಾ, ಕೊತ್ತಗೆರೆ.” ಅವನು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದ.

ಕುಣಿಗಲ್ ಬಸ್ಸಿನಲ್ಲಿ ಕದರಮ್ಮ ಅದನ್ನು ಮೂರು ಸಲ ಹಾಕಿಸಿ ಕೇಳಿದಳು. ಮೂರನೆಯ ಸಲ ಮುಗಿದಾಗ ಫೋನನ್ನು ಕೋಮಲಾಳ ಮಡಿಲಿಗಿಟ್ಟು ಕಿಟಕಿಯ ಆಚೆ ನೋಡಿದಳು.

“ಆವತ್ತು ಚೆಲ್ಲಿದ್ದು ಆರು ಲೀಟರ್ ಹಾಲು ಕಣೇ. ಅದು ಚೆಲ್ಲದೆ ಇದ್ದಿದ್ರೆ ಇವತ್ತು ನಾನೂ ನಿನ್ನ ನಂಬ್ತಿರ್ಲಿಲ್ಲ.”