ಪಂಢರಿನಾಥರ ಸುತ್ತು

ಓಡಿಸುವವರಿಲ್ಲದ ಟ್ರಕ್ಕು ತಿರುವು ದಾಟಿ ಬರುವುದನ್ನು ಕಂಡದ್ದೇ ಗೋದಾಬಾಯಿ ಶೆಡ್ಡಿನ ನೆರಳಲ್ಲಿ ಹಾಕಿದ್ದ ಕುರ್ಚಿಯಿಂದ ಎದ್ದು ಸೆರಗು ಹೊದ್ದುಕೊಂಡರು. "ಇವರೇ!" ಎಂದರು. "ಬ್ರೇಕ್ ಹಾಕೋಕ್ ಮುಂಚೆ ಹೀಗೇ, ಒಂದು ಉಸಿರಿನಷ್ಟು ಹೊತ್ತು ಕಾಲು ತೆಗೀತಾರೆ. ಹಾಲಿನ ಪಾತ್ರೆ ಮಡಿಲಲ್ಲಿಟ್ಕೊಂಡು ಕೂತಿದ್ರೂ ತುಳುಕಲ್ಲ."

ವೃಂದಾಳಿಗೆ ಸಮಾಧಾನವಾಯಿತು. ಗೋದಾಬಾಯಿ ಮಾಮಿಯನ್ನು ಕ್ರೋಂಪೇಟೆಯ ಮನೆಯಿಂದ ಈ ಟೆಸ್ಟ್ ಟ್ರ್ಯಾಕಿಗೆ ಕಾರಿನಲ್ಲಿ ಕರೆತಂದವಳು ಅವಳೇ. ಟ್ರಕ್ಕು ಕಂಪನಿಯಲ್ಲಿ ಅವಳು ಇಂಜಿನಿಯರು. ಮಾಮಿಯ ಗಂಡ ಪಂಢರಿನಾಥರು ಅಲ್ಲೇ ಹೊಸ ಗಾಡಿಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದ ಡ್ರೈವರು. ಈ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಅವರ ಸೀಟಿನಲ್ಲಿ ಒಂದು ಯಂತ್ರ ಕೂತಿತ್ತು. ಪಂಢರಿನಾಥರು ಓಡಿಸಿದ ಒಂದು ಸುತ್ತನ್ನು, ಸ್ಟೀರಿಂಗ್ ಎಲ್ಲಿ ಎಷ್ಟು ತಿರುಗಿತು, ಕಾಲು ಯಾವಾಗ ಒತ್ತಿತು ಎಲ್ಲವನ್ನೂ ರೆಕಾರ್ಡ್ ಮಾಡಿ ಅದಕ್ಕೆ ಕೊಟ್ಟಿದ್ದರು. ಯಂತ್ರ ಅದೇ ಸುತ್ತನ್ನು ಹಗಲೂ ಇರುಳೂ ಸುತ್ತುತ್ತಿತ್ತು. ಹೊಸ ಇಂಜಿನ್ನು ಇದನ್ನು ತಾಳಿಕೊಂಡರೆ ಮುಂದಿನ ವಾರ ಟ್ರಕ್ಕಿನ ಬಿಡುಗಡೆ. ಮಾಮನ ಕೈ ಇನ್ನೂ ಕೆಲಸ ಮಾಡುತ್ತಿದೆಯೆಂದು ಕಣ್ಣಾರೆ ನೋಡಿದರೆ ಮಾಮಿಯ ದುಃಖ ಸ್ವಲ್ಪ ಹಗುರವಾದೀತೆಂದು ವೃಂದಾ ಲೆಕ್ಕ ಹಾಕಿದ್ದಳು.

ಮತ್ತೊಂದು ಸುತ್ತು ಬಂತು. ಆಚೆಯ ನೇರ ರಸ್ತೆಯಲ್ಲಿ, ಬೇವಿನ ಮರದ ಹತ್ತಿರ, ಟ್ರಕ್ಕು ಇದ್ದಕ್ಕಿದ್ದಂತೆ ಎಡಕ್ಕೆ ವಾಲಿತು. ವೇಗ ಇಳಿದು ಇಂಜಿನ್ನು ನರಳಿತು. ಆಮೇಲೆ ಏನೂ ಆಗದ ಹಾಗೆ ನೆಟ್ಟಗಾಗಿ ಮುಂದೆ ಹೋಯಿತು.

"ಅಲ್ಲೇನಾಯ್ತು ಕಣ್ಣಾ? ಇವರು ಹಾಗೆ ಓಡಿಸೋವರಲ್ಲ."

"ಬೇಕಂತಲೇ ಮಾಡಿದ್ದು ಮಾಮಿ. ಇಂಜಿನ್ ತಿಣುಕಿಸಿ ನೋಡೋಕೆ. ಅಲ್ಲಿ ಅದಕ್ಕೆ ಕಷ್ಟ ಜಾಸ್ತಿ ಅಂತ್ಲೇ ನಾವು ಈ ಸುತ್ತನ್ನ ಆರಿಸಿದ್ದು."

ಗೋದಾಬಾಯಿ ಒಪ್ಪಲಿಲ್ಲ. "ಯಾವತ್ತು ಓಡಿಸಿದ್ದು ಇದು?"

ವೃಂದಾಳಿಗೆ ಗೊತ್ತಿರಲಿಲ್ಲ. ವಾಕಿಟಾಕಿಯಲ್ಲಿ ಕಂಟ್ರೋಲ್ ರೂಮಿನ ಸುರೇಶನನ್ನು ಕೇಳಿದಳು. "ಒರು ನಿಮಿಷಂ ಮೇಡಮ್," ಎಂದು ಅವನು ಹುಡುಕಿ ಹೇಳಿದ: "ಸಾರ್ ಕಡೇ ಸಲ ಡ್ಯೂಟಿಗೆ ಬಂದಿದ್ರಲ್ಲ, ಆವತ್ತಿಂದು."

ಗೋದಾಬಾಯಿ ಮೆಲ್ಲಗೆ ಕುರ್ಚಿಗೆ ಕುಸಿದರು.

"ಆವತ್ತು ಸೀಕ್ರಂ, ಬೇಗ್ನೇ ಮನೆಗೆ ಬಂದ್ರು. ನೀರು ಕೇಳಿದ್ರು. 'ಬೇವಿನ ಮರದ ಹತ್ರ ಎದೇಲಿ ಏನೋ ಹಿಂಡಿದ ಹಾಗಾಯ್ತು ಗೋದಾ, ಒಂದು ಕೈಲಿ ಎದೆ ಹಿಡ್ಕೊಂಡೇ ಸುತ್ತು ಮುಗಿಸ್ದೆ, ನಡುವೆ ನಿಲ್ಲಿಸಿದ್ರೆ ರೆಕಾರ್ಡ್ ಹಾಳಾಗ್ತಿತ್ತು' ಅಂದ್ರು. ನಾನು ಆಟೋ ಕರ್ಕೊಂಡು ಬರೋಷ್ಟರಲ್ಲಿ..."

ಟ್ರಕ್ಕು ಮತ್ತೆ ಬೇವಿನ ಮರದತ್ತ ಹೊರಟಿತ್ತು. ವೃಂದಾ ಈ ಸುತ್ತನ್ನು ಅದೆಷ್ಟು ಸಾರಿ ನೋಡಿದ್ದಳೋ. ಈಗ ಮಾತ್ರ ಅದು ಬೇರೆಯೇ ಕಂಡಿತು. ಸ್ಟೀರಿಂಗಿನಿಂದ ಬಲಗೈ ಜಾರುವುದು, ಎಡಗೈ ಒಂದೇ ಇಡೀ ಗಾಡಿಯ ಭಾರ ಎಳೆಯುವುದು, ಕಾಲು ಸೋತು ಹಿಂದೆ ಬರುವುದು, ಹಲ್ಲು ಕಚ್ಚಿ ಮತ್ತೆ ಒತ್ತುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅದೇ ಜಾಗದಲ್ಲಿ ಟ್ರಕ್ಕು ವಾಲಿತು. ನರಳಿತು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಆ ಸದ್ದು ಇಂಜಿನ್ನಿನದು ಎಂದು ಅವಳಿಗೆ ಅನ್ನಿಸಲಿಲ್ಲ.

"ಪ್ರತಿ ಸುತ್ತಲ್ಲೂ ಹೀಗೇನಾ?" ಗೋದಾಬಾಯಿ ಕೇಳಿದರು.

"ಹೂಂ ಮಾಮಿ."

"ರಾತ್ರೀನೂ?"

ಶೆಡ್ಡಿನ ಕಂಬದ ಮೇಲೆ ಟ್ರಕ್ಕು ನಿಲ್ಲಿಸುವ ಕೆಂಪು ಬಟನ್ ಇತ್ತು. ವೃಂದಾ ಅದರ ಹತ್ತಿರ ಹೋದದ್ದನ್ನು ಕ್ಯಾಮೆರಾದಲ್ಲಿ ನೋಡಿದ ಸುರೇಶ ವಾಕಿಟಾಕಿಯಲ್ಲಿ ಕಿರುಚಿದ: "ವೇಂಡಾಂ ಮೇಡಮ್! ಒತ್ಬೇಡಿ! ಈಗ ನಿಲ್ಲಿಸಿದ್ರೆ ಇಷ್ಟು ದಿನ ಓಡಿಸಿದ್ದೆಲ್ಲ ವೇಸ್ಟು. ಮುಂದಿನ ವಾರ ಬಿಡುಗಡೆ ಆಗೋದೇ ಇಲ್ಲ!"

"ಆಗೋದ್ ಬೇಡ. ಬೇರೆಯವರ ಕೈಲಿ ಹೊಸ ಸುತ್ತು ಓಡಿಸಿ, ಮೊದಲಿಂದ ಶುರು ಮಾಡೋಣ."

"ಬಾಸ್‌ಗೆ ಏನ್ ಹೇಳ್ಲಿ?"

"ನಾನೇ ಹೇಳ್ತೀನಿ," ಎಂದು ವೃಂದಾ ಬಟನ್ ಒತ್ತಿದಳು.

ಟ್ರಕ್ಕು ಶೆಡ್ಡಿನ ಎದುರಿಗೇ ಬಂದು ನಿಂತಿತು. ಇಂಜಿನ್ನು ಆರಿತು. ಕಾದ ಲೋಹ ಟಿಕ್ ಟಿಕ್ ಎನ್ನುವುದೊಂದು ಬಿಟ್ಟರೆ ಇಡೀ ಮೈದಾನ ನಿಶ್ಶಬ್ದ. ಗೋದಾಬಾಯಿ ಬಿಸಿಲಿಗೆ ಇಳಿದು, ಚಪ್ಪಲಿಯನ್ನೂ ಮೆಟ್ಟದೆ ಟ್ರಕ್ಕಿನ ಬಳಿಗೆ ನಡೆದರು. ವೃಂದಾ ಹಿಂದೆಯೇ ಓಡಿದಳು.

ಡ್ರೈವರ್ ಬದಿಯ ಬಾಗಿಲನ್ನು ಗೋದಾಬಾಯಿ ಎರಡೂ ಕೈಯಿಂದ ಎಳೆದು ತೆಗೆದರು. ಒಳಗೆ ಯಂತ್ರದ ಕಬ್ಬಿಣದ ತೋಳು ಸ್ಟೀರಿಂಗ್ ಹಿಡಿದುಕೊಂಡೇ ಇತ್ತು.

"ಸಾಕು," ಎಂದರು ಅವರು, ಊಟಕ್ಕೆ ಕರೆಯುವ ದನಿಯಲ್ಲಿ. "ಸುತ್ತು ಮುಗೀತು. ಇಳೀರಿ."

ಹೇಳಿ, ಇಳಿಯುವವರಿಗೆ ಜಾಗ ಬಿಟ್ಟು ಹಿಂದಕ್ಕೆ ಸರಿದು ನಿಂತರು. ವೃಂದಾಳೂ ಸರಿದಳು.