ವಿಜ್ಞಾನಿಯ ಹಣೆ

“ಈ ವಿಜ್ಞಾನಿಯ ಹಣೆಯ ಮೇಲೆ ಏನಿದು, ಹೆರ್ ತಿರು?” ಎಂದು ಮೇಲಧಿಕಾರಿ ಫ್ರಾವ್ ಕೆಸ್ಲರ್ ಕೇಳಿದಾಗ ತಿರುನಾರಾಯಣ ಪರದೆಯನ್ನು ಎರಡೆರಡು ಸಲ ನೋಡಿದ. ಅವನಿಗೇನೂ ಕಾಣಲಿಲ್ಲ.

“ಎಲ್ಲಿ?”

“ಹುಬ್ಬಿನ ನಡುವಿನಿಂದ ಮೇಲಕ್ಕೆ. ಮೂರು ಗೆರೆ. ಎರಡು ಬಿಳಿ, ನಡುವೆ ಒಂದು ಕಪ್ಪು.”

“ಓ, ಅದಾ? ಅದು ಇರುತ್ತಲ್ಲ.”

ಅಂದ ಮೇಲೆ ತಾನು ಹೇಳಿದ್ದೇನೆಂದು ಹೊಳೆಯಿತು. ಆ ಮನುಷ್ಯ ಮಂಗಳ ಗ್ರಹಕ್ಕೆ ಹೊರಟ ಇಂಗ್ಲಿಷ್ ದೊರೆ, ಮೇಲುಕೋಟೆಯ ಅರ್ಚಕನಲ್ಲ. ಐವತ್ತು ವರ್ಷದ ಹಳೇ ಬ್ರಿಟಿಷ್ ಸಿನಿಮಾ. ರೀಲು ಓಡಿ ಓಡಿ ಬಿದ್ದ ಗೀರುಗಳನ್ನೆಲ್ಲ ತೆಗೆದು ಡಿವಿಡಿಗೆ ಅಣಿ ಮಾಡುವುದೇ ನ್ಯೂರೆಂಬರ್ಗಿನ ಈ ಪುಟ್ಟ ಕಂಪನಿಯ ಕೆಲಸ. ಗೋಡೆ, ಆಕಾಶ, ರಾಕೆಟ್ಟಿನ ಮೇಲಿನದನ್ನು ಕಂಪ್ಯೂಟರೇ ಒರೆಸುತ್ತಿತ್ತು. ಮುಖದ ಮೇಲಿನದನ್ನು ಮಾತ್ರ ಮನುಷ್ಯನೇ ನೋಡಿ ತೆಗೆಯಬೇಕು. ಅಪ್ಪ, ತಾತ, ಬೀದಿಯುದ್ದಕ್ಕೂ ನಾಮದ ಹಣೆಗಳನ್ನೇ ಕಂಡು ಬೆಳೆದ ತಿರುವಿನ ಕಣ್ಣು ಇದನ್ನೂ ಸರಿ ಅಂತ ದಾಟಿಬಿಟ್ಟಿತ್ತು. ಕಪ್ಪು-ಬಿಳುಪು ಚಿತ್ರದಲ್ಲಿ ನಡುವಿನ ಕೆಂಪು ಕಪ್ಪಾಗಿಯೇ ತಾನೆ ಕಾಣಬೇಕು?

“ಶುಕ್ರವಾರ ಇದು ಲಂಡನ್ನಿಗೆ ಹೋಗಬೇಕು,” ಎಂದರು ಫ್ರಾವ್ ಕೆಸ್ಲರ್. “ನಿಮ್ಮ ಪ್ರೊಬೆಟ್ಸೈಟ್ ಮುಗಿಯುವುದೂ ಅವತ್ತೇ.”

ಆರು ತಿಂಗಳ ಪರೀಕ್ಷೆಯ ಅವಧಿ ಅದು. ಕೆಲಸ ಕಾಯಂ ಆಗದಿದ್ದರೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿಗೂ ಕೈಮುಗಿದು ವಿಮಾನ ಹತ್ತುವುದೇ. ತಿರು ಮೂರು ದಿನ ಬಗ್ಗಿಸಿದ ಕತ್ತು ಎತ್ತದೆ, ಐದು ಸಾವಿರ ಫ್ರೇಮುಗಳಲ್ಲಿ ಒಂದೊಂದಾಗಿ ನಾಮ ಅಳಿಸಿದ. ಗುರುವಾರ ಸಂಜೆ, ಊರಿಂದ ಬಂದಿದ್ದ ಅಮ್ಮ ವೆಂಕಟಲಕ್ಷ್ಮಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಮರುದೃಶ್ಯದಲ್ಲೇ ರಾಕೆಟ್ಟು ಸಿಡಿದು ವಿಜ್ಞಾನಿ ಸತ್ತುಹೋದ.

“ಸಾಯದೆ ಇನ್ನೇನೋ,” ಎಂದರು ಅಮ್ಮ. “ಹಣೆ ಬೋಳು ಮಾಡಿ ಕಳಿಸಿದೀಯ.”

“ಮೊದಲೂ ಸಾಯ್ತಿದ್ದ ಕಣಮ್ಮ.”

“ಆಗ ಸತ್ತಿದ್ರೆ ವೈಕುಂಠಕ್ಕಾದ್ರೂ ಹೋಗ್ತಿದ್ದ.”

ಶುಕ್ರವಾರ ಬೆಳಗ್ಗೆ ಬೇಡ ಬೇಡವೆಂದರೂ ಕೇಳದೆ ಅಮ್ಮ ಮಗನ ಹಣೆಗೆ ಶ್ರೀಚೂರ್ಣದ ಕೆಂಪು ಗೆರೆ ಎಳೆದೇ ಕಳಿಸಿದರು. ಊ-ಬಾನ್ ರೈಲಿನಲ್ಲಿ ಒರೆಸಿಕೊಂಡರಾಯಿತು ಅಂದುಕೊಂಡಿದ್ದ. ಕರವಸ್ತ್ರ ಕೈಗೆ ತೆಗೆದುಕೊಂಡಾಗ ಸಿಡಿದ ರಾಕೆಟ್ಟು ನೆನಪಾಯಿತು. ಮಡಿಸಿ ಜೇಬಿಗೆ ಇಟ್ಟುಕೊಂಡ.

ಫ್ರಾವ್ ಕೆಸ್ಲರ್ ದೃಶ್ಯವನ್ನು ಪೂರ್ತಿ ನೋಡಿದರು. ಎಲ್ಲೂ ಒಂದು ಗೀರಿಲ್ಲ. ಅವನ ಕಾಯಂ ಪತ್ರವನ್ನು ಮುಂದೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದವರು, ತಲೆಯೆತ್ತಿ ಅವನ ಹಣೆಯನ್ನೇ ನೋಡುತ್ತ ಕೂತರು.

“ಇಲ್ಲೊಂದು ಉಳಿದಿದೆ, ಹೆರ್ ತಿರು,” ಎಂದು, ಮೇಜಿನ ಮೇಲಿದ್ದ ಮೆತ್ತನೆಯ ಬಟ್ಟೆಯನ್ನು ಅವನತ್ತ ಚಾಚಿದರು.

“ಡಾಂಕೆ,” ಎಂದು ತಿರು ವಿನಯದಿಂದ ಬಟ್ಟೆ ತೆಗೆದುಕೊಂಡ. ಕಂಪ್ಯೂಟರಿನ ಕಡೆ ತಿರುಗಿ, ಅದರ ಪರದೆಯನ್ನು ಮೂಲೆ ಮೂಲೆ ಬಿಡದೆ ಒರೆಸತೊಡಗಿದ. ಎರಡನೆಯ ಮೂಲೆಗೆ ಬರುವಷ್ಟರಲ್ಲಿ ಬೆನ್ನ ಹಿಂದೆ ಕಾಗದದ ಮೇಲೆ ಪೆನ್ನು ಆಡಿದ ಸದ್ದು ಕೇಳಿಸಿತು. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.