ಐನಾರನ ಅಟ್ಟಣೆ

ಆ ಶುಕ್ರವಾರ ಬೆಳಗ್ಗೆ ಗಾಳಿ ಪೂರ್ತಿ ಬಿದ್ದುಹೋಗಿತ್ತು. ರಾತ್ರಿ ಉದುರಿದ ಹಿಮ ಓಕ್ ಮರಗಳ ಒಣ ಎಲೆಗಳ ಮೇಲೆ ಜರಡಿ ಹಿಡಿದ ಹಿಟ್ಟಿನಂತೆ ತೆಳ್ಳಗೆ ಕೂತಿತ್ತು. ವಿಸ್ಕಾನ್ಸಿನ್ನಿನ ಆ ಉತ್ತರದ ಕಾಡಿನಲ್ಲಿ ಜಿಂಕೆ ಬೇಟೆ ಶುರುವಾಗುವುದು ಮರುದಿನ. ಇವತ್ತು ಕೋವಿಗೆ ಕೆಲಸವಿಲ್ಲ, ಏಣಿಗೆ ಮತ್ತು ಹಗ್ಗಕ್ಕೆ ಮಾತ್ರ. ತೀರಿಹೋದ ಅಣ್ಣ ಐನಾರನ ಮರದ ಬುಡದಲ್ಲಿ ನಿಂತ ವೆಂಡಲ್, ಎರಡಾಳೆತ್ತರದಲ್ಲಿ ಕಟ್ಟಿದ್ದ ಅಟ್ಟಣೆಯನ್ನು ಕತ್ತೆತ್ತಿ ನೋಡಿದ. ಪಕ್ಕದಲ್ಲಿ ಅತ್ತಿಗೆ ಆರ್ಲಿಸ್. ಈ ಸಲ ಆ ಅಟ್ಟಣೆ ಏರುವವಳು ಅವಳೇ.

"ಹೀಗೇ ಇರಲಿ ಅತ್ತಿಗೆ. ಅಣ್ಣ ಕಟ್ಟಿದ್ದು, ಮುಟ್ಟೋಕೆ ಮನಸ್ಸು ಬರ್ತಿಲ್ಲ."

"ನಿನ್ನ ಮನಸ್ಸನ್ನ ಸಾರು ಮಾಡೋಕಾಗಲ್ಲ ವೆಂಡಲ್. ಇಷ್ಟೆತ್ತರದಲ್ಲಿ ಕೂತರೆ ಜಿಂಕೆ ಬೀಳುತ್ತಾ, ಅದು ಹೇಳು. ಇಷ್ಟು ವರ್ಷ ನೀವೆಲ್ಲ ಕೊಟ್ಟ ಮಾಂಸ ತಿಂದಿದ್ದಾಯ್ತು. ಈ ಚಳಿಗಾಲದ್ದು ನಾನೇ ಹೊಡೆದು ತರಬೇಕು."

"ಎತ್ತರದಲ್ಲಿ ಏನೂ ದೋಷ ಇಲ್ಲ. ಬುಡದಿಂದ ಸರಿಯಾಗೇ ಇದೆ. ದೋಷ ಇದ್ದಿದ್ದು ಅಣ್ಣನ ಗುರೀಲಿ. ದೇವರು ಅವನಿಗೆ ಚರ್ಚಲ್ಲಿ ಹಾಡೋ ಕಂಠ ಕೊಟ್ಟ, ಅಲ್ಲಿಗೆ ಕೈ ತೊಳ್ಕೊಂಡ. ಕಟ್ಟಿಹಾಕಿದ ಹಸುಗೆ ಹೊಡೆದ್ರೂ ಗುರಿ ತಪ್ತಿದ್ದ."

ಆರ್ಲಿಸ್ ನಕ್ಕಳು. "ಹಸುಗಳು ಅದಕ್ಕೇ ಅವರನ್ನ ಅಷ್ಟು ಹಚ್ಕೊಂಡಿದ್ದವೇನೋ. ಹತ್ತಿ ನೋಡು, ನೋಡದೆ ತೀರ್ಪು ಕೊಡಬೇಡ. ನಾನು ಗಾಡಿಯಿಂದ ಬೀಳದ ಹಾಗೆ ಮರಕ್ಕೆ ಬಿಗಿಯೋ ಸೊಂಟದ ಪಟ್ಟಿ, ಕಾಫಿ ತರ್ತೀನಿ."

ವೆಂಡಲ್ ಹಿಂದುಮುಂದು ನೋಡಿದ. ಒಬ್ಬನ ಅಟ್ಟಣೆಯನ್ನು ಇನ್ನೊಬ್ಬ ಏರುವುದು ಅವರ ಬೇಟೆಯ ಗುಂಪಿನಲ್ಲಿ ಇಲ್ಲದ ಮಾತು. ಚರ್ಚಿನಲ್ಲಿ ಮನೆಮನೆಗೂ ತನ್ನ ಬೆಂಚು ಇರುವ ಹಾಗೆ ಕಾಡಿನಲ್ಲಿ ಒಬ್ಬೊಬ್ಬನಿಗೂ ತನ್ನ ಮರ. ಪಕ್ಕದ ದಿಬ್ಬದಲ್ಲೇ ಇಷ್ಟು ವರ್ಷ ಕೂತಿದ್ದರೂ ಅಣ್ಣನ ಏಣಿಯ ಮೇಲೆ ಅವನು ಕಾಲಿಟ್ಟಿರಲಿಲ್ಲ. ಟೋಪಿ ತೆಗೆದು, ಮನಸ್ಸಿನಲ್ಲೇ ಅಪ್ಪಣೆ ಕೇಳಿ, ಹತ್ತಿ ಕೂತ.

ಕೂತ ಮೇಲೆ ತಿಳಿಯಿತು. ಮರ ಇದ್ದದ್ದು ಇಳಿಜಾರಿನ ತಳದಲ್ಲಿ. ಜಿಂಕೆಗಳ ದಾರಿ ಎದುರಿನ ಏರಿಯ ಮೇಲೆ. ಬುಡದಿಂದ ಎರಡಾಳು ಬಂದರೂ ಆ ದಾರಿಗೆ ಇದು ಎತ್ತರವೇ ಅಲ್ಲ, ಜಗಲಿಯಲ್ಲಿ ಕೂತು ಬೀದಿ ನೋಡಿದ ಹಾಗೆ. ಎತ್ತರವನ್ನು ಮರದ ಬುಡದಿಂದಲ್ಲ, ಜಿಂಕೆ ನಿಲ್ಲುವ ಜಾಗದಿಂದ ಅಳೆಯಬೇಕು ಎಂದು ಅವನಿಗೆ ಹೇಳಿಕೊಟ್ಟವನೇ ಐನಾರ್.

ಅಷ್ಟರಲ್ಲಿ ಏರಿಯ ಮೇಲೆ ಒಂದು ಹೆಣ್ಣು ಜಿಂಕೆ ಬಂತು. ಬಂದು, ಮುಖಕ್ಕೆ ಮುಖ ಕೊಟ್ಟು ನಿಂತಿತು. ಅದರ ಮೂಗಿನ ಉಗಿ, ರೆಪ್ಪೆಯ ಮೇಲಿನ ಹಿಮದ ಚೂರು ಎಲ್ಲ ಕಾಣುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ ಅದು ಬಾಲದ ಬಿಳಿ ಎತ್ತಿ ಒಂದೇ ನೆಗೆತಕ್ಕೆ ಮರೆಯಾಯಿತು. ಅದು ನಿಂತಿದ್ದ ಜಾಗದ ಪಕ್ಕದಲ್ಲಿ ಒಂದು ಸತ್ತ ಮರದ ಮೋಟು. ಮೋಟಿನಲ್ಲಿ ಗುಂಡಿನ ತೂತುಗಳು. ಕೆಲವು ಹಳೆಯವು, ಕೆಲವು ಈಚಿನವು, ಎಲ್ಲ ಸೇರಿ ಒಂದು ಅಂಗೈ ಅಗಲದೊಳಗೆ. ಪ್ರತಿ ಬೇಟೆಗಾಲದಲ್ಲೂ ಈ ಕಡೆಯಿಂದ ಒಂದು ಗುಂಡಿನ ಸದ್ದು ಕೇಳುತ್ತಿತ್ತು. "ತಪ್ಪೋಯ್ತು ಕಣೋ" ಎನ್ನುತ್ತ ಐನಾರ್ ಬರಿಗೈಲಿ ಬರುತ್ತಿದ್ದ. ವರ್ಷವರ್ಷವೂ ಇಷ್ಟು ಒಪ್ಪವಾಗಿ ತಪ್ಪಿಸಬೇಕಾದರೆ ಎಂಥ ಗುರಿ ಬೇಕು ಎಂದುಕೊಂಡ ವೆಂಡಲ್. ಅಂಥ ಗುರಿ ತನಗೂ ಇರಲಿಲ್ಲ.

ಆರ್ಲಿಸ್ ತಿರುಗಿ ಬಂದಳು. "ಏನಂತೆ ನಿಮ್ಮಣ್ಣನ ಅಟ್ಟಣೆ?"

"ಅಣ್ಣ ಇಲ್ಲಿಗೆ ಬೇಟೆಗೆ ಬರ್ತಿರಲಿಲ್ಲ ಅತ್ತಿಗೆ. ನೋಡೋಕೆ ಬರ್ತಿದ್ದ." ಜಿಂಕೆ ನಿಂತದ್ದು, ಮೋಟಿನ ತೂತು, ಎಲ್ಲ ಹೇಳಿದ.

ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತುಂಬ ಬಗ್ಗಿಸಿ, ಏಣಿಯ ಮೆಟ್ಟಿಲೇರಿ ಮೇಲಕ್ಕೆ ಚಾಚಿದಳು. "ಅವರು ನೋಡೋಕೆ ಬರ್ತಿದ್ರು, ಸರಿ. ನಾನು ಬಂದಿರೋದು ಊಟಕ್ಕೆ. ಇನ್ನೆರಡಾಳು ಮೇಲಕ್ಕೆ ಕಟ್ಟು."

"ಅಣ್ಣನಿಗೆ ಬೇಜಾರಾಗಲ್ವಾ?"

"ಅವರಿಗಾ? ಜಿಂಕೆ ಸಾರು ಮಾಡಿದ ದಿನ ಎರಡು ಸಲ ಹಾಕಿಸ್ಕೋತಿದ್ರು ಕಣೋ. ಸುಮ್ನೆ ಕಟ್ಟು."

ವೆಂಡಲ್ ಅಣ್ಣನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಆರ್ಲಿಸ್ ಕೆಳಗಿನಿಂದ ಹಗ್ಗ ಹಿಡಿದು, ಐನಾರ್ ಭಾನುವಾರ ಹಾಡುತ್ತಿದ್ದ ಕೀರ್ತನೆಯೊಂದನ್ನು ಗುನುಗತೊಡಗಿದಳು. ಮೇಲಿನಿಂದ ವೆಂಡಲ್ ದನಿ ಸೇರಿಸಿದ.

"ನಿನಗೆ ಕಂಠಾನೂ ಕೊಡಲಿಲ್ಲ ದೇವರು," ಎಂದಳು ಆರ್ಲಿಸ್. ಇಬ್ಬರೂ ನಕ್ಕರು, ಹಾಡು ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳು ನಾಲ್ಕಾಳೆತ್ತರದಲ್ಲಿ ಪಟ್ಟಿ ಬಿಗಿದು ಕೂತು, ಕೆಳಗೆ ಬಿದ್ದಿದ್ದ ಜಿಂಕೆ ದಾರಿಯನ್ನು ನೋಡಿ ತಲೆದೂಗಿದಳು. ಇಲ್ಲಿಂದ ಜಿಂಕೆ ಬೀಳುತ್ತದೆ.

ಸಂಜೆ ಬೇಟೆಗಾರರು ತಂಗುವ ಹಲಗೆಮನೆಯಲ್ಲಿ ಅವಳು ಒಲೆ ಮುಂದೆ ಕೂತಿದ್ದಾಗ ವೆಂಡಲ್ ಸುತ್ತಿಗೆ ಹಿಡಿದು ಹಿಂದಿನ ಗೋಡೆಗೆ ಹೋದ. ಗುರಿ ತಪ್ಪಿದವನ ಅಂಗಿಯ ಅಂಚನ್ನು ಕತ್ತರಿಸಿ, ಹೆಸರು ಬರೆದು ಆ ಗೋಡೆಗೆ ಮೊಳೆಯಿಂದ ಹೊಡೆಯುವುದು ಅಲ್ಲಿನ ಪದ್ಧತಿ. ನಗುತ್ತ ಕತ್ತರಿ ಹಿಡಿಯುತ್ತಿದ್ದವನು ಯಾವಾಗಲೂ ವೆಂಡಲ್. ಐನಾರನ ಹೆಸರಿನ ಚೂರುಗಳನ್ನೆಲ್ಲ ಮೊಳೆ ಕಿತ್ತು ತೆಗೆದ, ಧೂಳು ಕೊಡವಿದ, ಮಡಿಸಿ ಅತ್ತಿಗೆಯ ಮಡಿಲಲ್ಲಿಟ್ಟ.

ಆರ್ಲಿಸ್ ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿದಳು. ಎಲ್ಲವೂ ನೂಲು ಸವೆದು ಹಿಂಜಿಹೋದ ಬಟ್ಟೆ.

"ಅದಕ್ಕೇ," ಎಂದಳು, "ಬೇಟೆಗೆ ಹೊರಡೋವಾಗ ಇರೋದ್ರಲ್ಲೇ ಹಳೇ ಅಂಗಿ ಹುಡುಕ್ತಿದ್ರು."